ಕೈಕೊಟ್ಟ ಫ್ಯೂಸು

ಕೊಟ್ರೇಶಿ ತನ್ನ ಹಳೇ ಬೈಕಿನ ಹೆಡ್‌ಲೈಟಿಗೆ ನೂರು ವ್ಯಾಟಿನ ಬಲ್ಬು ಹಾಕಿಸಿದ. "ವೈರನ್ನೂ ದಪ್ಪದ್ದು ಹಾಕಿಸಿ ಅಣ್ಣಾ" ಎಂದ ಮೆಕ್ಯಾನಿಕ್ ನಿಂಗಪ್ಪನಿಗೆ, "ಒಳಗಿರೋ ವೈರು ಯಾರ ಕಣ್ಣಿಗೆ ಕಾಣುತ್ತೆ ಬಿಡೋ" ಎಂದು ಹೊರಟ.

ದಾರಿಯಲ್ಲಿ ವೈರು ಕಾದು ಬಲ್ಬನ್ನು ಗೋಗರೆಯಿತು: "ಸ್ವಾಮಿ, ನಾನು ಸಣ್ಣ ಬಲ್ಬಿಗೆಂದು ಹುಟ್ಟಿದವನು. ಹೀಗೆ ಕರೆಂಟು ಎಳೆದರೆ ಸುಟ್ಟುಹೋಗುತ್ತೇನೆ."

"ಎಳೆಯುವುದು ನನ್ನ ಯೋಗ್ಯತೆ, ತಾಳುವುದು ನಿನ್ನ ಹಣೆಬರಹ" ಎಂದಿತು ಬಲ್ಬು.

ನಡುವೆ ಕೂತಿದ್ದ ಫ್ಯೂಸು, "ಇವನು ಉಳಿಯಬೇಕಾದರೆ ನಾನು ಹೋಗಬೇಕು" ಎಂದು ತಾನೇ ಸುಟ್ಟುಕೊಂಡಿತು. ಬೆಳಕು ಆರಿತು. ವೈರು ನೆಮ್ಮದಿಯ ಉಸಿರು ಬಿಟ್ಟಿತು.

ಕೊಟ್ರೇಶಿ, "ದಂಡಪಿಂಡ!" ಎಂದು ಫ್ಯೂಸನ್ನು ಕಿತ್ತೆಸೆದು, ಸಿಗರೇಟು ಪ್ಯಾಕಿನ ಬೆಳ್ಳಿಹಾಳೆಯನ್ನು ಸುರುಳಿ ಸುತ್ತಿ ಅದರ ಜಾಗಕ್ಕೆ ತುರುಕಿದ.

"ವಿಪರೀತವಾದರೆ ನೀವಾದರೂ ತಡೆಯುತ್ತೀರಲ್ಲವೇ?" ಎಂದು ವೈರು ಹಾಳೆಯನ್ನು ಕೇಳಿತು.

"ತಡೆದವನಿಗೆ ಸಿಕ್ಕ ಮರ್ಯಾದೆ ಈಗತಾನೇ ಕಂಡೆಯಲ್ಲ. ನಾನು ಯಾರಿಗೂ ಇಲ್ಲ ಅನ್ನುವವನಲ್ಲಪ್ಪ" ಎಂದು ಹಾಳೆ ಹೊಳೆಯಿತು.

ಬಲ್ಬು ಮತ್ತೆ ಝಗ್ಗೆಂದಿತು. "ಭಲೇ, ಇದು ಕೆಲಸಗಾರ ಅಂದರೆ!" ಎಂದು ಕೊಟ್ರೇಶಿ ಹಾಳೆಯನ್ನು ಹೊಗಳುತ್ತ ಗಾಡಿ ಓಡಿಸಿದ. ಎರಡು ಮೈಲಿ ಹೋಗುವಷ್ಟರಲ್ಲಿ ವೈರು ಹೊಗೆಯಾಡಿತು. ಅದರಿಂದ ಸೀಟಿಗೂ ಬೆಂಕಿ ಹತ್ತಿತು. ಕೊಟ್ರೇಶಿ ಹಾರಿಕೊಂಡು ಬದುಕಿದ.

ಮರುದಿನ ಕರಕಲಾದ ಗಾಡಿಯನ್ನು ತಳ್ಳಿಕೊಂಡು ಬಂದು ನಿಂಗಪ್ಪನೊಡನೆ ತಕರಾರು ತೆಗೆದ: "ಎಲ್ಲ ಆ ಫ್ಯೂಸಿನಿಂದಲೇ ಆದದ್ದು ಕಣೋ. ಅದೊಂದು ನೆಟ್ಟಗಿದ್ದಿದ್ದರೆ ನಾನು ಹಾಳೆ ಯಾಕೆ ಹಾಕುತ್ತಿದ್ದೆ?"