ಮಠದ ಟೊಮೆಟೊ ಸಸಿ

ಗುರುವಿನ ಕೃಪೆ, ನಮ್ಮ ಮಠದ ದಾಸೋಹದಲ್ಲಿ ಟೊಮೆಟೊ ಸಾರಿಗೆ ಎಂದೂ ಕೊರತೆಯಾಗಿಲ್ಲ. ಅದರಲ್ಲಿ ತೋಟದ ಕೆಂಪಾಜಮ್ಮನ ಪಾಲೂ ಉಂಟು.

ಒಂದು ವರ್ಷ ಮುಂಗಾರಿಗೆ ಬಹಳ ಮೊದಲೇ ಆಕೆ ಚಪ್ಪರದ ನೆರಳಿನಲ್ಲಿ ಟೊಮೆಟೊ ಬೀಜ ಚೆಲ್ಲಿ ಸಸಿ ಎಬ್ಬಿಸಿದ್ದಳು. ಬೇಸಿಗೆಯ ಒಂದು ನಡುಮಧ್ಯಾಹ್ನ ಮಠದ ಪಾರುಪತ್ಯಗಾರರು ಬಂದು ನಿಂತರು.

"ಸೀಮೆಗೆಲ್ಲ ಮೊದಲು ನಮ್ಮಲ್ಲೇ ಹಣ್ಣಾಗಬೇಕು. ಅಷ್ಟೂ ಸಸಿ ಈಗಲೇ ಬಯಲಲ್ಲಿ ನೆಡು."

"ನೆರಳಲ್ಲಿ ಬೆಳೆದ ಕೂಸುಗಳು ಬುದ್ಧಿ. ದಿನಾ ಒಂದಿಷ್ಟು ಬಿಸಿಲು ತೋರಿಸಿ, ಹತ್ತು ದಿನ ಬಿಟ್ಟು ನೆಡೋಣ. ಈಗ ನೆಟ್ರೆ ಒಂದೂ ಉಳಿಯಾಕಿಲ್ಲ."

"ನನಗೇ ಪಾಠ ಹೇಳ್ತೀಯಾ?"

ಕೆಂಪಾಜಮ್ಮ ಕೈಮುಗಿದಳು. "ತಪ್ಪಾಯ್ತು ಬುದ್ಧಿ. ಮೊದಲ ಸಸಿ ತಮ್ಮ ಕೈಯಿಂದಲೇ ಆಗಲಿ. ಭೂಮ್ತಾಯಿಗೆ ಒಪ್ಪಿಸೋವಾಗ ಕಾಲಲ್ಲಿ ಮೆಟ್ಟು ಇರಬಾರ್ದು, ಅಷ್ಟೇಯ."

ಪಾರುಪತ್ಯಗಾರರು ಹಿಗ್ಗಿದರು. ಮೆಟ್ಟು ಕಳಚಿಟ್ಟು, ಸಸಿ ಹಿಡಿದು, ಗಂಭೀರವಾಗಿ ಬಯಲಿಗೆ ಇಳಿದರು. ಮೂರು ಹೆಜ್ಜೆ ಇಟ್ಟರು. ನಾಲ್ಕನೆಯದಕ್ಕೆ "ಶಿವಶಿವಾ!" ಎಂದು ಕುಣಿಯುತ್ತ ಚಪ್ಪರಕ್ಕೆ ಓಡಿ ಬಂದರು.

ಕೆಂಪಾಜಮ್ಮ ಅವರ ಕಾಲಿಗೆ ತಣ್ಣೀರು ಎರೆದು, ಸಸಿಯನ್ನು ಮೆಲ್ಲಗೆ ಇಸಿದುಕೊಂಡಳು.

"ತಾವೇನೋ ಓಡಿ ಬಂದ್ರಿ ಬುದ್ಧಿ. ಇದಕ್ಕೆ ಓಡಾಕೆ ಕಾಲಿಲ್ವಲ್ಲ."

ಶಿವ ಅರಿವು ಕೊಡಲು ಮನಸ್ಸು ಮಾಡಿದರೆ ಅಂಗಾಲೂ ಸಾಕು. ಪಾರುಪತ್ಯಗಾರರು ಪಾದ ಒರೆಸಿಕೊಳ್ಳುತ್ತ ಕೇಳಿದರು:

"ಹತ್ತು ದಿನ ಸಾಕೇನಮ್ಮಾ?"