ಹಳೆಯ ಕೀಬೋರ್ಡಿನ ದನಿ

"ಗುರುಗಳೇ, ಬಸವಂತನ ಕಂಠ ನನಗಿದ್ದಿದ್ದರೆ ನಾನೂ ಅವನಂತೆಯೇ ಹಾಡುತ್ತಿರಲಿಲ್ಲವೇ?" ಎಂದು ಶಿಷ್ಯ ಅಡವಯ್ಯ ಕೇಳಿದ. ಜೊತೆಯಲ್ಲಿ ಕಲಿಯುವ ಬಸವಂತನನ್ನು ಎಲ್ಲರೂ ಹೊಗಳಿದ ಸಂಜೆ ಅದು. ಅಡವಯ್ಯನ ಹೊಟ್ಟೆ ಉರಿಯುತ್ತಿತ್ತು. ಗುರುಗಳು ತಂಬೂರಿ ಕೆಳಗಿಟ್ಟು ಕತೆ ಹೇಳಿದರು.

ಮದುವೆಗಳಲ್ಲಿ ನುಡಿಸುವ ಒಂದು ತಂಡದಲ್ಲಿ ಒಬ್ಬ ಕೀಬೋರ್ಡ್ ವಾದಕನಿದ್ದ. ವೇದಿಕೆಯ ಮುಂದಿನ ಜಾಗ ಅವನದು. ಆಮೇಲೆ ಹೊಸ ಕೀಬೋರ್ಡ್ ಹಿಡಿದು ಒಬ್ಬ ತರುಣ ತಂಡಕ್ಕೆ ಬಂದ. ಜನ ತರುಣನಿಗೆ ಚಪ್ಪಾಳೆ ತಟ್ಟಿದರು. ತಂಡದ ಯಜಮಾನ ಹಳಬನನ್ನು ಹಿಂದೆ ಕೂರಿಸಿದ. ಹಳಬನಿಗೆ ಅನ್ನ ಸೇರದಾಯಿತು. 'ಇವನದೇನು ದೊಡ್ಡಸ್ತಿಕೆ? ಎಲ್ಲ ಆ ಹೊಸ ಪೆಟ್ಟಿಗೆಯ ಮಹಿಮೆ. ನನ್ನದೋ ಗೊಗ್ಗರು ದನಿಯ ಡಬ್ಬ' ಎಂದು ಕಂಡಕಂಡವರ ಮುಂದೆ ಗೊಣಗಿದ.

ಒಂದು ಆರತಕ್ಷತೆಯ ದಿನ ಹೊಸ ಕೀಬೋರ್ಡ್ ಕೈಕೊಟ್ಟಿತು. ಕೀಗಳೇನೋ ಸರಿಯಿದ್ದವು, ಸದ್ದು ಮಾತ್ರ ಹೊರಡಲಿಲ್ಲ.

"ಅಣ್ಣಾ, ನನ್ನದರಿಂದ ನಿಮ್ಮದಕ್ಕೆ ಮಿಡಿ ಕೇಬಲ್ ಸಿಕ್ಕಿಸಿ, ನನ್ನ ಕೀಗಳಲ್ಲೇ ನುಡಿಸಲಾ?" ಎಂದು ತರುಣ ಕೇಳಿದ.

ಹಳಬ ಒಳಗೊಳಗೇ ಹಿಗ್ಗಿ, ತಾನೇ ಕೇಬಲ್ ಸಿಕ್ಕಿಸಿದ. ಆ ಕೇಬಲಿನಲ್ಲಿ ದನಿ ಹರಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಯಾವ ಕೀ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು, ಯಾವಾಗ ಬೆರಳೆತ್ತಿದರು, ಇಷ್ಟು ಸುದ್ದಿ ಮಾತ್ರ ಹೋಗುತ್ತದೆ. ಆಚೆ ತುದಿಯಲ್ಲಿ ಕೀಬೋರ್ಡೇ ಇರಲಿ, ಕಂಪ್ಯೂಟರೇ ಇರಲಿ, ಸುದ್ದಿ ಕೇಳಿ ತನ್ನ ದನಿಯಲ್ಲೇ ಹಾಡಬೇಕು. ಈ ಡಬ್ಬದಲ್ಲಿ ಇವನ ಬಣ್ಣ ಬಯಲಾಗಲಿ ಎಂದು ಹಳಬ ಕೈಕಟ್ಟಿ ಕುಳಿತ.

ತರುಣ ನುಡಿಸಿದ. ಹಳೆಯ ಕೀಬೋರ್ಡ್ ತನ್ನ ಅದೇ ದನಿಯಲ್ಲಿ ಹಾಡಿತು. ಊಟಕ್ಕೆ ಎದ್ದವರು ಮತ್ತೆ ಬಂದು ಕುಳಿತರು. ಮದುಮಗಳ ಅಜ್ಜಿ ಕಣ್ಣೊರೆಸಿಕೊಂಡಳು. ಹಳಬನಿಗೆ ಕೇಬಲನ್ನು ಕಿತ್ತೆಸೆಯಬೇಕೆನ್ನಿಸಿತು. ಇಷ್ಟು ದಿನ ದೂರಲು ಒಂದು ಪೆಟ್ಟಿಗೆಯಾದರೂ ಇತ್ತು, ಈಗ ಅದೂ ಕೈತಪ್ಪಿತ್ತು.

ಕಾರ್ಯಕ್ರಮ ಮುಗಿದ ಮೇಲೆ ತರುಣ ಅವನ ಹತ್ತಿರ ಬಂದ.

"ಎಂಥಾ ಇಂಪು ಅಣ್ಣಾ, ನಿಮ್ಮ ಪೆಟ್ಟಿಗೇದು! ನನ್ನದನ್ನ ರಿಪೇರಿ ಮಾಡಿಸಿ ಕೊಡ್ತೀನಿ, ಅದಲುಬದಲು ಮಾಡ್ಕೊಳ್ಳೋಣವಾ?"

ಇಷ್ಟು ಹೇಳಿ ಗುರುಗಳು ತಂಬೂರಿ ಕೈಗೆತ್ತಿಕೊಂಡು ಶ್ರುತಿ ಸರಿಮಾಡತೊಡಗಿದರು. ಅಡವಯ್ಯನಿಗೆ ತಡೆಯಲಾಗಲಿಲ್ಲ.

"ಮಾಡಿಕೊಂಡನೇ, ಗುರುಗಳೇ?"

"ಮಾಡಿಕೊಂಡ. ಈಗ ತನ್ನ ಹಳೆಯ ಪೆಟ್ಟಿಗೆಯನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದಾನೆ."