ಕೇಳದೆ ಬಿಟ್ಟ ಸೇತುವೆ

"ಬುದ್ಧಿ, ನಮ್ಮ ಕೆಲಸ ನಾವೇ ಪರೀಕ್ಷೆ ಮಾಡ್ಕೊಳ್ಳೋವಾಗ ಒಂದೆರಡು ಕಡೆ ಕಂಡೂ ಕಾಣದ ಹಾಗೆ ಇದ್ದುಬಿಟ್ಟರೆ ತಪ್ಪಾ?" ಎಂದು ಷಡಕ್ಷರಿ ಮಠದ ಗುರುಗಳನ್ನು ಕೇಳಿದ.

ಷಡಕ್ಷರಿ ಪುರಸಭೆಯ ಸದಸ್ಯ. ಸಭೆ ಕೈಗೆತ್ತಿಕೊಂಡ ಕೆಲಸಗಳು ನಿಜವಾಗಿ ನಡೆದಿವೆಯೋ ಇಲ್ಲವೋ ನೋಡಿ ಹೇಳುವ ಹೊಣೆಯನ್ನು ಉಳಿದ ಸದಸ್ಯರೇ ಅವನ ತಲೆಗೆ ಕಟ್ಟಿದ್ದರು. ಆರು ತಿಂಗಳು ಅವನು ಅದನ್ನು ಮಾಡಿದ್ದ. ಆ ಆರು ತಿಂಗಳಲ್ಲಿ ಒಬ್ಬ ಸದಸ್ಯನೂ ಅವನ ಜೊತೆ ಕೂತು ಚಹಾ ಕುಡಿದಿರಲಿಲ್ಲ. ಅದನ್ನೂ ಗುರುಗಳಿಗೆ ಹೇಳಿಕೊಂಡ.

ಗುರುಗಳು ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಏಳು ಜನ ಹಿರಿಯರು ಇದ್ದರು. ಕೆರೆ, ಬಾವಿ, ಬಂಡಿದಾರಿ, ಹಳ್ಳದ ಕಾಲುಸೇತುವೆ ಎಲ್ಲವನ್ನೂ ಅವರೇ ಹಂಚಿಕೊಂಡು ನೋಡಿಕೊಳ್ಳಬೇಕು. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ, ಯಾರೂ ಹೊಲಕ್ಕೆ ಹೋಗದ ದಿನ, ಅವರು ಚಾವಡಿಯ ಜಗಲಿಯ ಮೇಲೆ ಸೇರುತ್ತಿದ್ದರು. ಊರಿನವರು ಕೆಳಗೆ ಅಂಗಳದಲ್ಲಿ ನಿಂತು ಕೇಳುತ್ತಿದ್ದರು. ಒಬ್ಬೊಬ್ಬ ಹಿರಿಯನೂ ತಾನು ಒಪ್ಪಿಕೊಂಡ ಕೆಲಸ ಆಯಿತೋ ಇಲ್ಲವೋ ಹೇಳಬೇಕು. ಆಯಿತು ಎಂದರೆ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಏಳು ಜನರಲ್ಲೇ ಒಬ್ಬ, "ನೋಡಿದವರು ಯಾರು?" ಎಂದು ಕೇಳಬೇಕು. ಮಾಡಿದವನು ಅದಕ್ಕೆ ಉತ್ತರ ಕೊಡುವಂತಿಲ್ಲ. ಇನ್ನೊಬ್ಬ ಹಿರಿಯ ಹೋಗಿ ನೋಡಿ ಬಂದಿರಬೇಕು. ಯಾರೂ ನೋಡಿಲ್ಲವಾದರೆ ಏಳು ಜನರೂ ಎದ್ದು, ಬಿಸಿಲಿರಲಿ ಮಳೆಯಿರಲಿ, ನಡೆದು ಹೋಗಿ ನೋಡಬೇಕು. ಇದು ಹಿಂದಿನಿಂದ ಬಂದ ಪದ್ಧತಿ. ಹೊಗಳಲು ಬಹಳ ಚೆಂದ, ಮಂಡಿನೋವಿನವರಿಗೆ ಮಾತ್ರ ಕಷ್ಟ.

ಆ ವರ್ಷ ಕೇಳುವ ಸರದಿ ಆ ಏಳು ಜನರಲ್ಲೊಬ್ಬನಾದ ಬಳೆಗಾರನಿಗೆ ಬಂತು. ಅವನ ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ದಿನವೆಲ್ಲ ಮನೆಮನೆಗೆ ತಿರುಗಿ ಬಳೆ ತೊಡಿಸುವುದು, ಸಂಜೆ ಚಾವಡಿಗೆ ಬಂದು ಉಳಿದವರ ಜೊತೆ ಎಲೆಅಡಿಕೆ ಹಾಕಿಕೊಂಡು ಹರಟುವುದು, ಇಷ್ಟೇ ಅವನ ಬದುಕು. ಆ ಹರಟೆಯೊಂದನ್ನು ಬಿಟ್ಟರೆ ಅವನಿಗೆ ತನ್ನದು ಅನ್ನುವಂಥದ್ದು ಏನೂ ಇರಲಿಲ್ಲ.

ಅವನು ನಿಯತ್ತಿನಿಂದ ಕೇಳಿದ. "ನಾನು ನೋಡಿದೆ" ಎಂದು ಯಾರಾದರೂ ಸುಮ್ಮನೆ ತೇಲಿಸಿದರೆ, "ಯಾವತ್ತು ನೋಡಿದಿರಿ?" ಎಂದೂ ಕೇಳಿದ. ಮೂರು ಅಮಾವಾಸ್ಯೆ ಕಳೆಯುವ ಹೊತ್ತಿಗೆ ಅವನು ಜಗಲಿ ಹತ್ತಿದರೆ ಮಾತು ನಿಲ್ಲತೊಡಗಿತು. ಎಲೆಯ ತಟ್ಟೆ ಅವನ ಪಕ್ಕದವನವರೆಗೆ ಬಂದು ವಾಪಸ್ಸು ಹೋಗುತ್ತಿತ್ತು. ಯಾರೂ ಬೈಯಲಿಲ್ಲ, ಜಗಳ ಆಡಲಿಲ್ಲ. ಬೈದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಆರು ತಿಂಗಳು ಅವನು ಜಗಲಿಯ ತುದಿಯಲ್ಲಿ ಒಬ್ಬನೇ ಕೂತ. ಸಂಜೆ ಮನೆಗೆ ಹೋಗಿ ಬೀಗ ತೆಗೆಯುವಾಗ ಅವನಿಗೆ ಅಳು ಬರುತ್ತಿತ್ತು.

ಒಂಬತ್ತನೆಯ ಅಮಾವಾಸ್ಯೆಯ ಬೆಳಿಗ್ಗೆ ಒಂದು ವಿಶೇಷ ನಡೆಯಿತು. ಹಿರಿಯರಲ್ಲಿ ಒಬ್ಬನಾಗಿದ್ದ ರೈತ, ಹಳ್ಳದ ಸೇತುವೆಯನ್ನು ಒಪ್ಪಿಕೊಂಡಿದ್ದವನು, ಬಳೆಗಾರನನ್ನು ಕಂಡು ಸರಿದು ಕೂತು ಜಾಗ ಮಾಡಿಕೊಟ್ಟ. ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಸಿ, ಅವನ ಕೈಗೆ ಕೊಟ್ಟ. ಬಳೆಗಾರ ಅದನ್ನು ಬಾಯಿಗೆ ಹಾಕಿಕೊಂಡ. ಆರು ತಿಂಗಳ ಮೇಲೆ ಒಬ್ಬ ಮನುಷ್ಯನ ಭುಜ ಅವನ ಭುಜಕ್ಕೆ ತಾಗಿತ್ತು.

ರೈತನ ಸರದಿ ಬಂತು. "ಸೇತುವೆಗೆ ಹೊಸ ಹಲಗೆ ಹಾಕಿ ಆಯಿತು" ಎಂದ.

ಅಂಗಳದಲ್ಲಿದ್ದವರೆಲ್ಲ ಬಳೆಗಾರನ ಕಡೆ ನೋಡಿದರು. ಅವನಿಗೆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಈ ಮನುಷ್ಯ ಸುಳ್ಳು ಹೇಳುವವನಲ್ಲ ಎಂದುಕೊಂಡ. ಕೇಳಿದರೆ ಈ ಪಕ್ಕದ ಜಾಗವೂ ಹೋಗುತ್ತದೆ ಎಂದುಕೊಂಡ. ನಿಜ ಹೇಳಬೇಕೆಂದರೆ ಎರಡನೆಯದನ್ನೇ ಮೊದಲು ಎಂದುಕೊಂಡ.

"ಮುಂದಿನದು ಹೇಳಿ" ಎಂದ.

ಆ ದಿನ ಎಲ್ಲರೂ ಅವನನ್ನು ಮಾತಾಡಿಸಿದರು. ಎಲೆಯ ತಟ್ಟೆ ಎರಡು ಸಲ ಅವನ ಮುಂದೆ ನಿಂತಿತು. ರೈತ ಮಾತ್ರ ಬೇಗ ಎದ್ದು ಹೋದ. ಬಳೆಗಾರ ಆ ಖುಷಿಯಲ್ಲಿ ಅದನ್ನು ಗಮನಿಸಲಿಲ್ಲ.

ನಾಲ್ಕೇ ದಿನದಲ್ಲಿ ಊರಿನಲ್ಲಿ ಗುಸುಗುಸು ಎದ್ದಿತು. ರೈತ ಎಲೆ ಕೊಟ್ಟು ಬಳೆಗಾರನ ಬಾಯಿ ಮುಚ್ಚಿಸಿದ ಎಂದರು. ಹೊರೆ ಹೊತ್ತ ಹೆಂಗಸರು ಸೇತುವೆಯ ತನಕ ಬಂದು, ಹಲಗೆ ನೋಡಿ, ಯಾಕೆ ಬೇಕು ಎಂದು ಬಂಡಿದಾರಿಯಲ್ಲೇ ಸುತ್ತಿಕೊಂಡು ಹೋದರು. ಕೇಳಿ ನೋಡಿದ ಸೇತುವೆಯಾಗಿದ್ದರೆ ಅವರು ಕಣ್ಣು ಮುಚ್ಚಿ ದಾಟುತ್ತಿದ್ದರು.

ಮುಂದಿನ ಅಮಾವಾಸ್ಯೆಗೆ ರೈತ ಬರಲಿಲ್ಲ. ಬಳೆಗಾರ ಮೊದಲ ಕೆಲಸಕ್ಕೇ, "ನೋಡಿದವರು ಯಾರು?" ಎಂದು ಕೇಳಿದ. ಹಿರಿಯರಲ್ಲೊಬ್ಬ ನಕ್ಕು, ಹೋದ ಸಲ ಇಲ್ಲದ್ದು ಈ ಸಲ ಯಾಕಪ್ಪ ಎಂದ. ಅಂಗಳವೂ ನಕ್ಕಿತು. ಬಳೆಗಾರ ಆಮೇಲೆ ಯಾವ ಕೆಲಸಕ್ಕೂ ಕೇಳಲಿಲ್ಲ. ಸಭೆ ಮುಗಿದದ್ದೇ ಹಳ್ಳದ ಕಡೆ ನಡೆದ.

ರೈತ ಸೇತುವೆಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದ. ಬಳೆಗಾರನನ್ನು ಕಂಡರೂ ಏಳಲಿಲ್ಲ.

"ಎಂಟು ದಿವಸ ಸೊಂಟದುದ್ದ ನೀರಲ್ಲಿ ನಿಂತು ಹಾಕಿದ ಹಲಗೆ ಕಣಯ್ಯ ಇದು" ಎಂದ. "ಅವತ್ತು ನಿನ್ನ ಪಕ್ಕ ಕೂರೋಕೆ ಭಯ ಇಲ್ದೇ ಇದ್ದೋನು ನಾನೊಬ್ಬನೇ. ನೀನು ಕೇಳ್ತೀಯ, ಎಲ್ಲರನ್ನೂ ಎಬ್ಬಿಸ್ಕೊಂಡು ಬರ್ತೀಯ, ಊರೇ ಬಂದು ನೋಡುತ್ತೆ ಅಂತ ಕಾಯ್ತಿದ್ದೆ."

"ಈಗ ಕೇಳ್ತೀನಿ ಬಿಡಣ್ಣ. ಮುಂದಿನ ಅಮಾಸೆಗೆ ಮೊದಲು ಇದನ್ನೇ ಕೇಳ್ತೀನಿ."

"ಈಗ ಕೇಳಿದ್ರೆ, ನಾನೇ ಹೇಳಿ ಕೇಳಿಸ್ದೆ ಅಂತಾರೆ" ಎಂದು ರೈತ ಎದ್ದು ಮನೆಯ ಕಡೆ ಹೋದ.

ಬಳೆಗಾರ ಸೇತುವೆ ಹತ್ತಿದ. ನಡುವೆ ನಿಂತು ಕಾಲು ಕುಟ್ಟಿ ನೋಡಿದ. ಒಂದು ಹಲಗೆಯೂ ಅಲುಗಲಿಲ್ಲ, ಒಂದು ಮೊಳೆಯೂ ಕಿರುಗುಟ್ಟಲಿಲ್ಲ. ಅಷ್ಟು ಗಟ್ಟಿ ಕೆಲಸವನ್ನು ಅವನು ಆ ಊರಿನಲ್ಲಿ ಕಂಡಿರಲಿಲ್ಲ. ನಾನು ನೋಡಿದೆ ಎಂದು ಕೂಗಿ ಹೇಳಬೇಕು ಅನಿಸಿತು. ಕೇಳಿಸಿಕೊಳ್ಳಲು ಎರಡು ದಡದಲ್ಲೂ ಯಾರೂ ಇರಲಿಲ್ಲ.

ಆಮೇಲೆ ಬಳೆಗಾರನಿಗೆ ಜಗಲಿಯ ಮೇಲೆ ಜಾಗಕ್ಕೆ ಕೊರತೆಯಾಗಲಿಲ್ಲ. ಆಯಿತು ಅನ್ನುವವರೆಲ್ಲ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ರೈತ ಮತ್ತೆ ಚಾವಡಿಗೆ ಬರಲಿಲ್ಲ. ಉಳಿದ ಐದು ಜನರ ನಡುವೆ ಎಲೆ ಜಗಿಯುತ್ತ ಕೂತ ಬಳೆಗಾರನಿಗೆ, ತುದಿಯಲ್ಲಿ ಒಬ್ಬನೇ ಕೂತಿದ್ದಾಗಲೂ ಇಷ್ಟು ಒಂಟಿ ಅನಿಸಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಆದರೂ ಬುದ್ಧಿ, ಸೇತುವೆ ಗಟ್ಟಿಯಾಗೇ ಇತ್ತಲ್ಲ" ಎಂದ ಷಡಕ್ಷರಿ. "ಅವನು ಕೇಳದೇ ಇದ್ದದ್ದರಿಂದ ಯಾರೂ ಬೀಳಲಿಲ್ಲವಲ್ಲ."

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು: "ನಿನ್ನ ಸಭೆಯಲ್ಲಿ ಕೆಲಸವನ್ನು ನೆಟ್ಟಗೆ ಮಾಡಿಟ್ಟು, ನೀನು ಬಂದು ಕೇಳಲಿ ಎಂದು ಕಾದು ಕೂತಿರುವವನ ಹೆಸರೇನು, ಷಡಕ್ಷರಿ?"

ಆ ಹೆಸರು ಷಡಕ್ಷರಿಗೆ ಗೊತ್ತಿರಲಿಲ್ಲ; ಹುಡುಕಲು ಎದ್ದು ಪುರಸಭೆಯ ಕಡೆ ನಡೆದ.